ಹಳೆಯ ಚರ್ಮಕ್ಕೆ ಎಣ್ಣೆ ಬೇಡ

ಸಹೋದರಿಯರೇ, ಮಳೆಗಾಲದಲ್ಲಿ ಕಪಾಟು ತೆರೆದರೆ ಮುಗ್ಗಲು ವಾಸನೆ ಬರುತ್ತದಲ್ಲವೇ? ನಮ್ಮ ಇಲವಾಲದ ಹೆಂಚಿನ ಮನೆಗಳಲ್ಲಿ ಇದು ಪ್ರತಿ ವರ್ಷದ ಮಾತು. ಅಜ್ಜನ ಕಾಲದ ಚರ್ಮದ ಪೆಟ್ಟಿಗೆ, ಕೈಚೀಲ, ಚರ್ಮದ ರಟ್ಟಿನ ಕುರ್‌ಆನ್ ಪ್ರತಿ ಎಲ್ಲದರ ಮೇಲೂ ಬಿಳಿ ಬೂಷ್ಟು. ಆಗ ನಾವು ಒದ್ದೆ ಬಟ್ಟೆಯಿಂದ ಒರೆಸಿ, ಕೊಬ್ಬರಿ ಎಣ್ಣೆ ಸವರಿ, ಬಿಸಿಲಿಗಿಡುತ್ತೇವೆ. ಈ ಮೂರೂ ಚರ್ಮಕ್ಕೆ ಕೆಡುಕೇ.

ಒದ್ದೆ ಬಟ್ಟೆ ಬೂಷ್ಟನ್ನು ಒಳಕ್ಕೆ ತಿಕ್ಕುತ್ತದೆ. ಎಣ್ಣೆ ಚರ್ಮವನ್ನು ಕಪ್ಪಾಗಿಸುತ್ತದೆ, ಧೂಳು ಹಿಡಿಯುತ್ತದೆ, ಪುಸ್ತಕವಾದರೆ ಹಾಳೆಗೂ ಇಳಿಯುತ್ತದೆ. ಬಿಸಿಲಿಗೆ ಚರ್ಮ ಬಿರುಕು ಬಿಡುತ್ತದೆ.

ಹಾಗಾದರೆ ಏನು ಮಾಡಬೇಕು? ಗಾಳಿಯಾಡುವ ನೆರಳಿನಲ್ಲಿಟ್ಟು ಪೂರ್ತಿ ಒಣಗಲು ಬಿಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ, ಮೆತ್ತನೆಯ ಬ್ರಷ್‌ನಿಂದ ಹಗುರವಾಗಿ ಬೂಷ್ಟನ್ನು ಉದುರಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ತೇವ ಒಳಗೇ ಉಳಿಯುತ್ತದೆ. ಒಗೆದ ಹತ್ತಿ ಬಟ್ಟೆಯ ಜುಜ್‌ದಾನ್ ಸಾಕು. ಕಪಾಟನ್ನು ಹೊರಗೋಡೆಗೆ ತಾಗಿಸದೆ ನಾಲ್ಕು ಬೆರಳು ಜಾಗ ಬಿಡಿ. ಕೈಚೀಲದೊಳಗೆ ಬಿಳಿ ಕಾಗದ ತುಂಬಿದರೆ ಆಕಾರ ಕೆಡದು. ದಿನವೂ ಮೆಟ್ಟುವ ಚಪ್ಪಲಿ, ಬೂಟುಗಳಿಗೆ ಪಾಲಿಶ್ ಹಾಕಬಹುದು. ಹಳೆಯ ಪುಸ್ತಕದ ರಟ್ಟಿಗೆ ಬೇಡ.

ಜೋಪಾನ ಮಾಡಿದರೆ ಚರ್ಮ ಎಷ್ಟು ಕಾಲ ಬಾಳೀತು? ನೆರೆಯ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರ ಗ್ರಂಥಾಲಯದಲ್ಲಿ ಸುಮಾರು 2000 ಗ್ರಂಥಗಳಿದ್ದವು. ಅನೇಕಕ್ಕೆ ಅಲ್ಲಿಯೇ ಚರ್ಮದ ಹೊಸ ರಟ್ಟು ಕಟ್ಟಿಸಿ ‘ಸರ್ಕಾರೆ ಖುದಾದಾದ್’, ‘ಅಲ್ಲಾಹ್ ಕಾಫಿ’ ಎಂದು ಅಚ್ಚೊತ್ತಿಸಲಾಗಿತ್ತು. 1799ರ ಯುದ್ಧದ ನಂತರ ಅವು ಕಲ್ಕತ್ತಾ, ಲಂಡನ್ ಸೇರಿದವು. ಹಲವು ಇಂದಿಗೂ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಎಲ್ಲ ಚರ್ಮಕ್ಕೂ ಅಷ್ಟು ಆಯುಷ್ಯವಿಲ್ಲ. ನಮ್ಮ ದಕ್ಷಿಣದಲ್ಲಿ ತಂಗಡಿ ಗಿಡದ ತೊಗಟೆಯಿಂದ ಹದಮಾಡಿದ ಚರ್ಮ ಒಂದು ಕಾಲಕ್ಕೆ ವಿದೇಶಕ್ಕೂ ಹೋಗುತ್ತಿತ್ತು. ಅದರಿಂದ ಕಟ್ಟಿದ ರಟ್ಟುಗಳು ಬೇಗ ಶಿಥಿಲವಾಗುತ್ತವೆಂದು 1901ರಲ್ಲಿ ಲಂಡನ್ನಿನ ಸಮಿತಿಯೊಂದು ವರದಿ ಕೊಟ್ಟಿತು. ಮುಟ್ಟಿದಾಗ ಕೈಗೆ ಕೆಂಪು ಪುಡಿ ಹತ್ತಿದರೆ ಅದೇ ಲಕ್ಷಣ. ಹಾಗೆ ಪುಡಿಯಾದ ಚರ್ಮವನ್ನು ಯಾವ ಎಣ್ಣೆಯೂ ಮೊದಲಿನಂತೆ ಮಾಡದು. ಬಟ್ಟೆಯಲ್ಲಿ ಸುತ್ತಿ, ಗಟ್ಟಿ ಡಬ್ಬಿಯಲ್ಲಿ ಮಲಗಿಸಿಡಿ. ಹಸ್ತಪ್ರತಿ ರಕ್ಷಣೆ ಬಲ್ಲವರಿಗೆ ತೋರಿಸಿ. ಅಂಗಡಿಯಲ್ಲಿ ಹೊಸ ರಟ್ಟು ಹಾಕಿಸಲು ಆತುರಪಡಬೇಡಿ; ಅಂಚು ಕತ್ತರಿಸುವಾಗ ಬರಹವೂ ಹೋದೀತು.

ಎಷ್ಟೋ ಮನೆಗಳಲ್ಲಿ ಕುರ್‌ಆನ್ ಪ್ರತಿಯ ಮೊದಲ ಖಾಲಿ ಹಾಳೆಯಲ್ಲಿ ಹಿರಿಯರು ಮಕ್ಕಳ ಜನನ, ನಿಕಾಹ್, ಮರಣದ ದಿನಗಳನ್ನು ಬರೆದಿಟ್ಟಿರುತ್ತಾರೆ. ಮುತ್ತಜ್ಜಿಯ ಹೆಸರು ಬೇರೆಲ್ಲಿಯೂ ಸಿಗದಿರಬಹುದು. ರಟ್ಟು ಕಳಚಿದರೆ ಮೊದಲು ಹೋಗುವುದು ಆ ಹಾಳೆಯೇ. ಈ ವಾರವೇ ಒಮ್ಮೆ ಕಪಾಟು ತೆರೆದು ನೋಡಿ. ಆ ಹೆಸರುಗಳನ್ನು ಬೇರೊಂದು ನೋಟ್‌ಬುಕ್ಕಿನಲ್ಲೂ ಬರೆದಿಡಿ.