ಸುರಗಿ ಎಂದರೆ ಹೂವಷ್ಟೇ ಅಲ್ಲ!



'ಸುರಗಿ' ಎಂದರೇನು? ಬಳ್ಳಾರಿಯ ಯಾವುದಾದರೂ ಕಾಲೇಜಿನ ಬಾಗಿಲಲ್ಲಿ ನಿಂತು ಕೇಳಿ ನೋಡಿ. ಬಲ್ಲವರು ಹೂವು ಎಂದಾರು. ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ ಎನ್ನುವವರು ಎಷ್ಟು ಮಂದಿ ಸಿಕ್ಕಾರು?

ಸಂಸ್ಕೃತದ ಛುರಿಕೆಯನ್ನು ನಮ್ಮ ಹಿರಿಯರು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ಸುರಗಿ, ಸುರಿಗೆ ಎಂದರು. ಪರಭಾಷೆಯ ಪದವನ್ನು ಹೀಗೆ ಕನ್ನಡವಾಗಿಸುವ ಬಗೆಯನ್ನು 13ನೇ ಶತಮಾನದಲ್ಲೇ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಬರೆದಿಟ್ಟ. ಇಂದು ಸುರಗಿ ನಿಘಂಟಿನಲ್ಲಿದೆ, ಬಾಯಲ್ಲಿಲ್ಲ!

ಅದರ ಒಡನಾಡಿ 'ಕಠಾರಿ' ಮಾತ್ರ ಬದುಕಿದೆ. ಏಕೆ? 1485ರಲ್ಲಿ ವಿಜಯನಗರದ ಗದ್ದುಗೆ ಏರಿದ ಸಾಳುವ ನರಸಿಂಹನಿಗೆ 'ಕಠಾರಿ ಸಾಳುವ' ಎಂಬ ಬಿರುದಿತ್ತು. 1966ರಲ್ಲಿ ರಾಜಕುಮಾರ್ 'ಕಠಾರಿ ವೀರ'ದಲ್ಲಿ ತೆರೆಗೆ ಬಂದರು. ಬಳಸಿದ ಮಾತು ಹೊಳೆಯಿತು; ಬಳಸದ ಮಾತು ತುಕ್ಕು ಹಿಡಿಯಿತು. ಇಷ್ಟೇ ಗುಟ್ಟು.

ಗಡಿ ಜಿಲ್ಲೆಗೆ ಇದು ಸಣ್ಣ ಮಾತಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ಆ ಹೋರಾಟದಲ್ಲಿ ಪೈಲ್ವಾನ್ ರಂಜಾನ್ ಸಾಬ್ ಪ್ರಾಣವನ್ನೇ ತೆತ್ತರು. ನೆಲವೇನೋ ಉಳಿಯಿತು. ಆ ನೆಲದ ಮಾತನ್ನು ಉಳಿಸುವವರು ಯಾರು?

ಸರ್ಕಾರದ ಆದೇಶಕ್ಕೆ ಕಾಯಬೇಡಿ. ಸಿಂದರು ಆಳಿದ ಕುರುಗೋಡಿನ, ಗಡಿಗೆ ಅಂಟಿದ ಸಿರುಗುಪ್ಪದ ಮೇಷ್ಟರುಗಳೇ, ಮಕ್ಕಳನ್ನು ವೀರಗಲ್ಲಿನ ಮುಂದೆ ನಿಲ್ಲಿಸಿ. ವೀರನ ಕೈಯಲ್ಲಿ, ಸೊಂಟದಲ್ಲಿ ಇರುವ ಒಂದೊಂದು ಆಯುಧದ ಹೆಸರನ್ನೂ ಕನ್ನಡದಲ್ಲಿ ಹೇಳಿಸಿ. ಮನೆಯ ಅಜ್ಜ ಅಜ್ಜಿಯರ ಬಾಯಲ್ಲಿ ಉಳಿದ ಹಳೆಯ ಮಾತುಗಳನ್ನು ನೋಟ್‌ಬುಕ್ಕಿನಲ್ಲಿ ಬರೆಸಿ.

ಸುರಗಿ ಇಂದು ಯಾರನ್ನೂ ಇರಿಯಬೇಕಿಲ್ಲ. ನಮ್ಮ ಮರೆವನ್ನು ಇರಿದರೆ ಸಾಕು!