ಕೊರಳ ಬ್ಯಾಡ್ಜ್ ಮನಸ್ಸನ್ನು ಓದಬಲ್ಲುದೇ?

ದುಡಿಯುವವನ ಮಾತನ್ನಲ್ಲ, ಮಾತಿನ ಧಾಟಿಯನ್ನೇ ಯಂತ್ರವೊಂದು ಅಳೆಯತೊಡಗಿದರೆ ಏನಾದೀತು? ಇದು ಬರೀ ಕಲ್ಪನೆಯ ಪ್ರಶ್ನೆಯಲ್ಲ. ಅಮೆರಿಕದ ಎಂ.ಐ.ಟಿ. ಮೀಡಿಯಾ ಲ್ಯಾಬ್‌ನ ಪ್ರೊಫೆಸರ್ ಅಲೆಕ್ಸ್ ಪೆಂಟ್‌ಲೆಂಡ್ ಮತ್ತವರ ತಂಡ 2000ದ ದಶಕದಲ್ಲೇ ಕೊರಳಿಗೆ ತೂಗುಹಾಕುವ ಬ್ಯಾಡ್ಜ್ ಒಂದನ್ನು ರೂಪಿಸಿತ್ತು. ಯಾರು ಯಾರಿಗೆ ಎದುರಾದರು, ಎಷ್ಟು ಹೊತ್ತು ಮಾತನಾಡಿದರು, ಧ್ವನಿಯ ಏರಿಳಿತ ಹೇಗಿತ್ತು, ಮೈ ಎಷ್ಟು ಅಲುಗಿತು - ಇವನ್ನೆಲ್ಲ ಅದರ ಸೆನ್ಸರ್‌ಗಳು ದಾಖಲಿಸುತ್ತಿದ್ದವು. ಆಡಿದ ಮಾತು ಏನೆಂಬುದು ಅದಕ್ಕೆ ಬೇಕಿರಲಿಲ್ಲ.

ಇದರಿಂದ ಒಳಿತೇ ಆಗಿಲ್ಲವೆಂದು ನಾವು ಹೇಳುವುದಿಲ್ಲ. ಪೆಂಟ್‌ಲೆಂಡ್ 2012ರಲ್ಲಿ ಬರೆದ ಲೇಖನದ ಪ್ರಕಾರ, ಬ್ಯಾಂಕೊಂದರ ಕಾಲ್ ಸೆಂಟರ್‌ನಲ್ಲಿ ಯಶಸ್ಸಿನ ಗುಟ್ಟು ಬಿಡುವಿನ ವೇಳೆಯ ಹರಟೆಯಲ್ಲಿತ್ತು. ತಂಡದವರೆಲ್ಲ ಒಟ್ಟಿಗೆ ಕಾಫಿಗೆ ಹೋಗುವಂತೆ ವೇಳಾಪಟ್ಟಿ ಬದಲಿಸಿದಾಗ, ಕರೆಯೊಂದಕ್ಕೆ ತಗಲುವ ಸರಾಸರಿ ಸಮಯ ಹಿಂದುಳಿದ ತಂಡಗಳಲ್ಲಿ ಶೇಕಡಾ 20ಕ್ಕೂ ಹೆಚ್ಚು, ಒಟ್ಟಾರೆ ಶೇಕಡಾ 8ರಷ್ಟು ಇಳಿಯಿತು.

ಆದರೆ ಗುಂಪಿನ ಒಡನಾಟ ಅಳೆಯುವುದು ಬೇರೆ. ಒಬ್ಬನ ಮುಖ ನೋಡಿ ಅವನ ಮನಸ್ಸು ಇಂಥದೆಂದು ತೀರ್ಪು ಕೊಡುವುದು ಬೇರೆ. 2019ರಲ್ಲಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತಿತರ ವಿಜ್ಞಾನಿಗಳು ಹಿಂದಿನ ಸಂಶೋಧನೆಗಳನ್ನು ಪರಿಶೀಲಿಸಿ, ಮುಖಚಹರೆಯೊಂದರಿಂದಲೇ ಭಾವನೆಯನ್ನು ಖಚಿತವಾಗಿ ಹೇಳಲಾಗದು ಎಂದರು. ಸಿಟ್ಟಾದವರೆಲ್ಲ ಹುಬ್ಬು ಗಂಟಿಕ್ಕುವುದಿಲ್ಲ. ಗಂಟಿಕ್ಕಿದವರೆಲ್ಲ ಸಿಟ್ಟಾಗಿರುವುದೂ ಇಲ್ಲ. ವಿಡಿಯೋ ಸಂದರ್ಶನ ನಡೆಸುವ ಹೈರ್‌ವ್ಯೂ ಕಂಪೆನಿ ಅಭ್ಯರ್ಥಿಗಳ ಮುಖ ವಿಶ್ಲೇಷಣೆಯನ್ನು ಕೈಬಿಟ್ಟಿರುವುದಾಗಿ 2021ರಲ್ಲಿ ತಿಳಿಸಿತು. ಯುರೋಪಿಯನ್ ಒಕ್ಕೂಟವಂತೂ ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳ ಹೊರತು, ಕೆಲಸದ ಸ್ಥಳ ಹಾಗೂ ಶಿಕ್ಷಣ ಸಂಸ್ಥೆಗಳಲ್ಲಿ ಭಾವನೆ ಗುರುತಿಸುವ ಕೃತಕ ಬುದ್ಧಿಮತ್ತೆಯನ್ನು 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ.

ನಮ್ಮ ದೇಶದಲ್ಲಿ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಉದ್ಯೋಗದ ಉದ್ದೇಶಗಳಿಗಾಗಿ ನೌಕರರ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆಯೂ ಬಳಸಲು ಅವಕಾಶ ಇರಿಸಲಾಗಿದೆ. ಭಾವನೆ ಅಳೆಯುವುದನ್ನು ಹೆಸರಿಸಿ ತಡೆಯುವ ಮಾತು ಅದರಲ್ಲಿಲ್ಲ. ಬೆಂಗಳೂರು, ಮಂಗಳೂರಿನ ಕಚೇರಿಗಳಲ್ಲಿ ದುಡಿಯುವ ನಮ್ಮ ಮಕ್ಕಳು ಇದನ್ನು ತಿಳಿದಿರಬೇಕು.

ಮನೆಯಲ್ಲಿ ತಾಯಿ ಕಾಯಿಲೆ ಬಿದ್ದಿರುವಾಗ ಮಗಳ ಧ್ವನಿ ಕುಗ್ಗುವುದು ಸಹಜ. ಯಂತ್ರ ಅದನ್ನು ನಿರುತ್ಸಾಹವೆಂದು ಬರೆದುಕೊಂಡರೆ ಆಕೆ ಯಾರಲ್ಲಿ ಹೇಳಿಕೊಳ್ಳಬೇಕು? ಆದ್ದರಿಂದ ಏನನ್ನು ಅಳೆಯುತ್ತೀರಿ, ಯಾರು ನೋಡುತ್ತಾರೆ, ಸಂಬಳ ಬಡ್ತಿಗೆ ಅದು ತಾಗುತ್ತದೆಯೇ, ತಪ್ಪಾದರೆ ತಿದ್ದುವವರಾರು ಎಂದು ಕೇಳುವ ಹಕ್ಕು ಉದ್ಯೋಗಿಗಿರಬೇಕು. ಶಾಲೆ, ಆಸ್ಪತ್ರೆಗಳನ್ನು ನಡೆಸುವ ನಾವೂ ಮಾಲೀಕರೇ ಎಂಬುದನ್ನು ಮರೆಯದಿರೋಣ. ಸಿಬ್ಬಂದಿಯ ಮುಖ ಬಾಡಿದ್ದರೆ ಕಾರಣ ತಿಳಿಯಲು ಸೆನ್ಸರ್ ಬೇಕಿಲ್ಲ. ಹತ್ತಿರ ಕೂತು ಕೇಳಿದರೆ ಸಾಕು.