ಬೆನ್ನುನೋವಿಗೆ ಮಿದುಳೂ ಸಾಕ್ಷಿ

ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ಮೂಟೆ ಹೊರುವ ಹಮಾಲಿಯಿಂದ ಹಿಡಿದು ಆರ್.ಟಿ. ನಗರದಲ್ಲಿ ದಿನವಿಡೀ ಗಣಕಯಂತ್ರದ ಮುಂದೆ ಕೂರುವ ತರುಣನವರೆಗೆ ಬೆನ್ನುನೋವನ್ನು ಅರಿಯದವರು ವಿರಳ. ಬಹುಪಾಲು ನೋವು ಕೆಲವು ವಾರಗಳಲ್ಲಿ ಶಮನವಾಗುತ್ತದೆ. 3 ತಿಂಗಳು ಮೀರಿಯೂ ಉಳಿದುದನ್ನು ವೈದ್ಯರು ದೀರ್ಘಕಾಲಿಕ ನೋವೆನ್ನುತ್ತಾರೆ. ಇಂಥ ನೋವಿನವರಿಗೆ ಮನೆಯೊಳಗೇ ಒದಗುವ ಇನ್ನೊಂದು ಸಂಕಟವನ್ನು ಕುರಿತು ಈ ಸಲ ನಾಲ್ಕು ಮಾತು ಹೇಳಬಯಸುತ್ತೇವೆ.

ಸ್ಕ್ಯಾನ್ ಮಾಡಿಸಿದಾಗ ಹೇಳಿಕೊಳ್ಳುವಂಥ ದೋಷ ಕಾಣದಿದ್ದರೆ, "ಎಲ್ಲ ಸರಿಯಿದೆಯಂತೆ, ಇವಳದು ಬರೀ ನೆಪ" ಎಂಬ ಮಾತು ಹುಟ್ಟುತ್ತದೆ. ಕಾಯಕಕ್ಕೆ ಹಿರಿಮೆ ಕೊಟ್ಟ ನಮ್ಮ ಮನೆಗಳಲ್ಲಿ, ಏಳಲಾಗದವರನ್ನು ಮೈಗಳ್ಳರೆಂದು ಎಣಿಸುವ ಅಪಾಯ ಇನ್ನೂ ಹೆಚ್ಚು. ಸೊಸೆಗಾಗಲಿ ವೃದ್ಧ ತಾಯಿಗಾಗಲಿ ಈ ಮಾತು ಬೆನ್ನಿಗಿಂತ ಹೆಚ್ಚು ನೋಯಿಸುತ್ತದೆ.

ವಿಜ್ಞಾನ ಈ ಮಾತನ್ನು ಒಪ್ಪುವುದಿಲ್ಲ. 2004ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಅಪ್ಕಾರಿಯನ್ ಮತ್ತು ಸಂಗಡಿಗರು, ಬಹುಕಾಲ ಬೆನ್ನುನೋವಿನಿಂದ ಬಳಲಿದ 26 ಮಂದಿಯ ಮಿದುಳನ್ನು ಪರೀಕ್ಷಿಸಿದರು. ನೋವಿಲ್ಲದವರಿಗಿಂತ ಇವರ ಮಿದುಳಿನ ಹೊರಪದರದ ಬೂದುವಸ್ತು ಶೇ. 5ರಿಂದ 11ರಷ್ಟು ಕಡಿಮೆಯಿತ್ತು. ಇದು 10ರಿಂದ 20 ವರ್ಷಗಳ ಮುಪ್ಪಿನಿಂದಾಗುವ ಇಳಿಕೆಗೆ ಸಮ. ಜನ ನಡೆದು ನಡೆದು ಹುಲ್ಲಿನ ನಡುವೆ ಕಾಲುದಾರಿ ಬೀಳುವಂತೆ, ನೋವಿನ ಸಂದೇಶ ಹಾಯ್ದು ಹಾಯ್ದು ನರಮಂಡಲದಲ್ಲಿ ಅದರ ಜಾಡು ಗಟ್ಟಿಯಾಗುತ್ತದೆ. ಮೂಲ ಪೆಟ್ಟು ಮಾಗಿದ ಮೇಲೂ ಅಲ್ಪ ಕಾರಣಕ್ಕೇ ನೋವು ಏಳುತ್ತದೆ. ಭಯ, ನಿದ್ರಾಹೀನತೆ, ತಿರಸ್ಕಾರಗಳು ಅದನ್ನು ಮತ್ತಷ್ಟು ಬೆಳೆಸುತ್ತವೆ.

ಆದರೆ ಈ ಬದಲಾವಣೆ ಶಾಶ್ವತವಲ್ಲವೆಂಬುದು ಸಮಾಧಾನದ ಸಂಗತಿ. 2011ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಚಿಕಿತ್ಸೆಯಾದ 6 ತಿಂಗಳ ಮೇಲೆ ರೋಗಿಗಳನ್ನು ಪುನಃ ಪರೀಕ್ಷಿಸಿದರು. ಮಿದುಳಿನ ಮುಂಭಾಗದಲ್ಲಿ ತೆಳುವಾಗಿದ್ದ ಒಂದು ಪ್ರದೇಶ ಮತ್ತೆ ದಪ್ಪವಾಗಿತ್ತು. ನಮ್ಮ ಬೆಂಗಳೂರಿನ ಸಮೀಪ, ಜಿಗಣಿಯ ಸ್ವಾಮಿ ವಿವೇಕಾನಂದ ಯೋಗ ಸಂಸ್ಥೆಯವರು ಮಿದುಳನ್ನಲ್ಲ, ದಿನನಿತ್ಯದ ಬದುಕನ್ನು ಅಳೆದರು. 80 ಮಂದಿ ಬೆನ್ನುನೋವಿನವರನ್ನು ಕುರಿತ ಆ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಒಂದು ವಾರದ ಯೋಗಾಭ್ಯಾಸದಿಂದ ನಿತ್ಯದ ಕೆಲಸಗಳ ತೊಡಕು, ಸಾಮಾನ್ಯ ವ್ಯಾಯಾಮ ಮಾಡಿದವರಿಗಿಂತ ಹೆಚ್ಚು ತಗ್ಗಿತ್ತು.

ಆದಕಾರಣ ಮನೆಯವರು ಮೊದಲು ನೋವನ್ನು ನಂಬಬೇಕು. ಹಾಗೆಂದು ಹಾಸಿಗೆಯಲ್ಲೇ ಇರಿಸುವುದೂ ಸಲ್ಲದು. ಬಹುದಿನದ ವಿಶ್ರಾಂತಿ ಬೆನ್ನನ್ನು ದುರ್ಬಲಗೊಳಿಸುತ್ತದೆ. ವೈದ್ಯರನ್ನು ಕೇಳಿ, ಯಲಹಂಕ ಕೆರೆಯ ದಂಡೆಯ ಮೇಲೋ ಮನೆಯ ಅಂಗಳದಲ್ಲೋ ದಿನಕ್ಕೆ 10 ನಿಮಿಷ ಜೊತೆಗೂಡಿ ನಡೆಯಿರಿ. ವಾರವಾರಕ್ಕೂ ತುಸು ಹೆಚ್ಚಿಸಿರಿ. ಕಾಲು ಬಲಗುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರ ಬಂದರೆ, ಕಾರಣವಿಲ್ಲದೆ ಮೈ ಇಳಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದ ದಿನಗಳಲ್ಲಿ, ಬಗ್ಗಿ ಎತ್ತಬೇಕಾದ ಕೊಡವನ್ನು ಮನೆಯ ಇನ್ನೊಬ್ಬರು ಎತ್ತಿಕೊಟ್ಟರೆ ಅದೂ ಚಿಕಿತ್ಸೆಯ ಭಾಗವೇ ಎಂದು ನಾವು ತಿಳಿಯುತ್ತೇವೆ.